ಸ್ಮಾರ್ಟ್ ಕಾರ್ ಸ್ಪರ್ಧೆ: ಹಾಸನದಿಂದ ಹೋಗುವ ತಂಡಕ್ಕೆ ಕ್ಯಾಮೆರಾ ಸರಿಯೋ, ಕಾಯಿಲ್ ಸರಿಯೋ?

ಕಾರಿಡಾರ್ ಕಾರು

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಮೂರನೇ ವರ್ಷದಲ್ಲಿದ್ದೇನೆ. ಯಾವ ಕಾಲೇಜು ಎಂದು ದಯವಿಟ್ಟು ಕೇಳಬೇಡಿ, ಮುಂದೆ ಓದಿದರೆ ಕಾರಣ ತಿಳಿಯುತ್ತದೆ.

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ನಡೆಯುವ ರಾಷ್ಟ್ರಮಟ್ಟದ ಸ್ಮಾರ್ಟ್ ಕಾರ್ ಸ್ಪರ್ಧೆಗೆ ನಾವು ಮೂವರು ಹೆಸರು ಕೊಟ್ಟಿದ್ದೇವೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಮೊಳದುದ್ದಕ್ಕಿಂತ ಚಿಕ್ಕದಾದ ಬ್ಯಾಟರಿ ಕಾರು. ರಿಮೋಟ್ ಇಲ್ಲ, ಓಡುವಾಗ ಯಾರೂ ಮುಟ್ಟುವಂತಿಲ್ಲ. ದಾರಿಯನ್ನು ತಾನೇ ಗುರುತಿಸಿಕೊಂಡು ಸುತ್ತು ಮುಗಿಸಬೇಕು. ಎರಡು ವಿಭಾಗಗಳಿವೆ. ಒಂದರಲ್ಲಿ ಬಿಳಿ ಹಾಸಿನ ಮೇಲಿನ ಕಪ್ಪು ಗೆರೆಯನ್ನು ಕ್ಯಾಮೆರಾ ನೋಡಬೇಕು. ಇನ್ನೊಂದರಲ್ಲಿ ಹಾಸಿನ ಅಡಿಯ ತಂತಿಯಲ್ಲಿ 20 ಕಿಲೋಹರ್ಟ್ಸ್ ಆವರ್ತನದ 100 ಮಿಲಿಆಂಪಿಯರ್ ವಿದ್ಯುತ್ ಹರಿಯುತ್ತದೆ. ಕಾರಿನ ಮೂತಿಯಲ್ಲಿರುವ ಕಾಯಿಲ್‌ಗಳು, ಅಂದರೆ ತಂತಿಯ ಸುರುಳಿಗಳು, ಆ ಕಾಂತಕ್ಷೇತ್ರವನ್ನು ಹಿಡಿಯಬೇಕು. ಯಾವ ವಿಭಾಗ ಎಂದು ಮುಂದಿನ ವಾರದೊಳಗೆ ತಿಳಿಸಬೇಕು.

ಈಗ ನಮ್ಮ ಗೋಳು. ಕ್ಯಾಮೆರಾ ಕಾರು ಸಿದ್ಧವಿದೆ. ಬೆಳಿಗ್ಗೆ ಕಾಲೇಜಿನ ಕಾರಿಡಾರಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಸಂಜೆ ನಾಲ್ಕರ ಮೇಲೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಒಳಗೆ ಬಿತ್ತೋ, ನೇರವಾಗಿ ಹೋಗಿ ಗೋಡೆಗೆ ಗುದ್ದುತ್ತದೆ. ಅಭ್ಯಾಸಕ್ಕೆ ಸೆಮಿನಾರ್ ಹಾಲ್ ಕೇಳಿದರೆ ಕುರ್ಚಿ ಸರಿಸಬಾರದು ಎಂದರು. ಮೆಕ್ಯಾನಿಕಲ್ ವಿಭಾಗದ ವರ್ಕ್‌ಶಾಪ್ ಕೇಳಿದರೆ "ನಿಮ್ಮ ವಿಭಾಗದ ಮುಖ್ಯಸ್ಥರಿಂದ ಪತ್ರ ತನ್ನಿ" ಎಂದರು. ನಮ್ಮ ಮುಖ್ಯಸ್ಥರನ್ನು ಕೇಳಿದರೆ "ಅವರು ಮೊದಲು ಕೇಳಲಿ" ಎಂದರು. ಹಣದ ವಿಷಯ ಎತ್ತಿದಾಗ ಬಂದ ಉತ್ತರ: "ಮೊದಲು ಗೆದ್ದು ಬನ್ನಿ, ಆಮೇಲೆ ನೋಡೋಣ."

ಬೆಂಗಳೂರಿನ ತಂಡಗಳಿಗೆ ಸ್ವಂತ ಟ್ರ್ಯಾಕ್ ಇದೆಯಂತೆ. ನಾವು ಯಾವ ವಿಭಾಗ ತೆಗೆದುಕೊಳ್ಳಬೇಕು? ಹೋಗಿ ಪ್ರಯೋಜನವಾದರೂ ಇದೆಯೇ?

ಬೇಲೂರು ಬಸ್

ಗೋಡೆಗೆ ಗುದ್ದುವ ಕಾರು ಸ್ಮಾರ್ಟ್ ಆಗಿಯೇ ಇದೆ. ಕಾಲೇಜಿನ ಮೇಲೆ ತನ್ನ ಅಭಿಪ್ರಾಯವನ್ನು ಹೇಳುತ್ತಿದೆ.

ಅರಸೀಕೆರೆ ಜಂಕ್ಷನ್

ಇದು ಪೀತಂಪುರದಲ್ಲಿ ನಡೆಯುವ ಬಾಹಾ ಸ್ಪರ್ಧೆ ತಾನೇ? ನನ್ನ ಚಿಕ್ಕಪ್ಪನ ಮಗ ಹೋಗಿದ್ದ. ಕೆಸರಿನಲ್ಲಿ ಗಾಡಿ ಓಡಿಸಿ ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದ. ಅದಕ್ಕೆ ಲಕ್ಷಗಟ್ಟಲೆ ಬೇಕು ತಮ್ಮ, ಪ್ರಾಯೋಜಕರಿಲ್ಲದೆ ಆಗುವುದಿಲ್ಲ.

ಮೆಕ್ಯಾನಿಕಲ್ ಬ್ಲಾಕ್

ಅಲ್ಲ ಸ್ವಾಮಿ. ಬಾಹಾದಲ್ಲಿ ಒಳಗೆ ಮನುಷ್ಯ ಕುಳಿತು ಓಡಿಸುತ್ತಾನೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್‌ನಲ್ಲೂ ಅಷ್ಟೇ. ಇವರು ಕೇಳುತ್ತಿರುವುದು ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಕಾರು. ಚಾಲಕ ಇಲ್ಲ, ಚಿಪ್ ಇದೆ.

ಅರಸೀಕೆರೆ ಜಂಕ್ಷನ್

ಯಾವುದಾದರೂ ಇರಲಿ, ದುಡ್ಡು ಕೊಡುವ ವಿಷಯದಲ್ಲಿ ಕಾಲೇಜು ಮಾತ್ರ ಒಂದೇ.

ಸುಟ್ಟ ರೆಗ್ಯುಲೇಟರ್

ಹೊಳೆನರಸೀಪುರದವನು. ಈಗ ಬೆಂಗಳೂರಿನಲ್ಲಿ ವಾಹನಗಳ ಎಲೆಕ್ಟ್ರಾನಿಕ್ಸ್ ಕೆಲಸ. ಓದುವಾಗ ಇಂಥದ್ದೇ ಸ್ಪರ್ಧೆಗೆ ಕ್ಯಾಮೆರಾ ಕಾರು ಕಟ್ಟಿದ್ದೆ, ಆದ್ದರಿಂದ ನಿಮ್ಮ ಪಶ್ಚಿಮದ ಕಿಟಕಿ ನನಗೆ ಚೆನ್ನಾಗಿ ಗೊತ್ತು.

ಮೊದಲು ಒಂದು ವಿಷಯ ತಿಳಿಸಿ. ನೀವು ಬಳಸುತ್ತಿರುವುದು 128 ಪಿಕ್ಸೆಲ್‌ನ ಲೈನ್ ಸ್ಕ್ಯಾನ್ ಕ್ಯಾಮೆರಾ (ಒಂದೇ ಸಾಲನ್ನು ನೋಡುವಂಥದ್ದು) ಆಗಿದ್ದರೆ, ಕಪ್ಪು ಬಿಳುಪು ಬೇರೆ ಮಾಡಲು ಒಂದು ಸ್ಥಿರ ಸಂಖ್ಯೆ ಇಟ್ಟಿದ್ದೀರಾ? ಇಟ್ಟಿದ್ದರೆ ಅಲ್ಲೇ ಕಥೆ ಮುಗಿಯಿತು. ಬಿಸಿಲು ಬಿದ್ದ ಕಪ್ಪು ಗೆರೆ, ನೆರಳಿನ ಬಿಳಿ ಹಾಸಿಗಿಂತ ಹೆಚ್ಚು ಬೆಳಗುತ್ತದೆ. ಪ್ರತಿ ಚೌಕಟ್ಟಿನಲ್ಲಿ, ಅಂದರೆ ಕ್ಯಾಮೆರಾದ ಪ್ರತಿ ನೋಟದಲ್ಲಿ, ಗರಿಷ್ಠ ಮತ್ತು ಕನಿಷ್ಠ ನೋಡಿ ನಡುವಿನ ಮಟ್ಟವನ್ನು ಆಗಾಗಲೇ ಲೆಕ್ಕ ಹಾಕಬೇಕು. ಅದಕ್ಕಿಂತ ಒಳ್ಳೆಯದು, ಮಟ್ಟವನ್ನು ಬಿಟ್ಟು ಅಂಚನ್ನು ಹುಡುಕುವುದು. ಪಕ್ಕಪಕ್ಕದ ಪಿಕ್ಸೆಲ್‌ಗಳನ್ನು ಹೋಲಿಸಿದಾಗ ಬೆಳಕು ಎಲ್ಲಿ ಥಟ್ಟನೆ ಇಳಿದು ಮತ್ತೆ ಏರುತ್ತದೆಯೋ ಅದೇ ಗೆರೆ.

ಎರಡನೆಯದು ಟ್ಯೂಬ್‌ಲೈಟ್. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್, ಆದ್ದರಿಂದ ಚೋಕ್ ಹಾಕಿದ ಹಳೆಯ ಟ್ಯೂಬ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಎಕ್ಸ್‌ಪೋಷರ್ (ಒಂದು ನೋಟಕ್ಕೆ ಬೆಳಕು ತೆಗೆದುಕೊಳ್ಳುವ ಸಮಯ) 3 ಅಥವಾ 4 ಮಿಲಿಸೆಕೆಂಡ್ ಇಟ್ಟರೆ ಒಂದು ಚೌಕಟ್ಟು ಬೆಳಕಾಗಿ, ಮುಂದಿನದು ಮಂಕಾಗಿ ಬರುತ್ತದೆ. ಸರಿಯಾಗಿ 10 ಮಿಲಿಸೆಕೆಂಡ್ ಇಟ್ಟುನೋಡಿ, ಪ್ರತಿ ಚೌಕಟ್ಟಿಗೂ ಒಂದೊಂದು ಪೂರ್ತಿ ಮಿನುಗು ಸಿಗುತ್ತದೆ, ಏರಿಳಿತ ನಿಲ್ಲುತ್ತದೆ. ಆದರೆ ಆಗ ಸೆಕೆಂಡಿಗೆ ನೂರೇ ಚೌಕಟ್ಟು. ಕಾರು ಸೆಕೆಂಡಿಗೆ 3 ಮೀಟರ್ ಓಡುತ್ತಿದ್ದರೆ, ಒಂದು ನೋಟಕ್ಕೂ ಇನ್ನೊಂದಕ್ಕೂ ನಡುವೆ 3 ಸೆಂಟಿಮೀಟರ್ ಕುರುಡು. ಅಷ್ಟು ತಡೆದುಕೊಳ್ಳಬಹುದು.

ಕಾರಿಡಾರ್ ಕಾರು

ಅಣ್ಣ, ಸ್ಥಿರ ಸಂಖ್ಯೆಯೇ ಇಟ್ಟಿದ್ದೇವೆ. ಹಿರಿಯ ವಿದ್ಯಾರ್ಥಿಗಳು ಕೊಟ್ಟ ಕೋಡ್‌ನಲ್ಲಿ ಹಾಗೆಯೇ ಇತ್ತು.

ಸುಟ್ಟ ರೆಗ್ಯುಲೇಟರ್

ಆ ಹಿರಿಯರಿಗೆ ಅವರ ಹಿರಿಯರು ಕೊಟ್ಟಿರುತ್ತಾರೆ. ಆ ಸಂಖ್ಯೆ ಯಾವ ಹಾಲಿನ, ಯಾವ ಮಧ್ಯಾಹ್ನದ ಬೆಳಕಿನದೋ ದೇವರೇ ಬಲ್ಲ.

ಮೂಡಿಗೆರೆ ಮಳೆ

ನಾನು ಚಿಕ್ಕಮಗಳೂರಿನಲ್ಲಿ ಓದಿದವಳು, ನಮ್ಮ ತಂಡ ಕಾಯಿಲ್ ವಿಭಾಗದಲ್ಲಿ ಓಡಿತ್ತು. ರೆಗ್ಯುಲೇಟರ್ ಅವರು ಕ್ಯಾಮೆರಾವನ್ನು ರಿಪೇರಿ ಮಾಡಲು ಹೊರಟಿದ್ದಾರೆ, ನಾನು ಅದನ್ನು ಬಿಟ್ಟುಬಿಡಿ ಎನ್ನುತ್ತೇನೆ.

ಕಾರಣ ಸರಳ. ಟ್ರ್ಯಾಕ್ ಇಲ್ಲದ, ಒಂದೇ ರೀತಿಯ ಬೆಳಕಿನ ಕೋಣೆ ಇಲ್ಲದ ತಂಡ ಬೆಳಕನ್ನು ನಂಬಿ ಕೂರಬಾರದು. ಸ್ಪರ್ಧೆ ನಡೆಯುವುದು ದೊಡ್ಡ ಒಳಾಂಗಣ ಕ್ರೀಡಾಂಗಣದಲ್ಲಿ. ಮೇಲೆ ಕಣ್ಣು ಕೋರೈಸುವ ದೀಪ, ಪಕ್ಕದಲ್ಲಿ ಎತ್ತರದ ಕಿಟಕಿ, ಟ್ರ್ಯಾಕ್ ಸುತ್ತ ಬಗ್ಗಿ ನಿಂತು ನೋಡುವ ಜನರ ನೆರಳು. ತಂತಿಗೆ ಇದಾವುದರ ಹಂಗೂ ಇಲ್ಲ. ರಾತ್ರಿ ಕರೆಂಟ್ ಹೋದಾಗ ನಾವು ಹಾಸ್ಟೆಲ್ ಊಟದ ಹಾಲಿನಲ್ಲಿ ಯುಪಿಎಸ್ ಇಟ್ಟುಕೊಂಡು ಕತ್ತಲಲ್ಲೇ ಓಡಿಸಿದ್ದೇವೆ. ಎಲ್‌ಇಡಿ ಒಂದು ಮಿಣುಕುತ್ತ ತಿರುವು ತಿರುಗುವುದು ಕಾಣುತ್ತಿತ್ತು, ಕಾರು ಕಾಣುತ್ತಿರಲಿಲ್ಲ.

ಸಾಮಾನು ಕೂಡ ಅಗ್ಗ. 10 ಮಿಲಿಹೆನ್ರಿ ಇಂಡಕ್ಟರ್‌ಗೆ 6.8 ನ್ಯಾನೊಫ್ಯಾರಡ್ ಕೆಪಾಸಿಟರ್ ಸಮಾನಾಂತರವಾಗಿ ಜೋಡಿಸಿದರೆ 19.3 ಕಿಲೋಹರ್ಟ್ಸ್ ಹತ್ತಿರ ಅನುರಣನ ಬರುತ್ತದೆ, ಅಂದರೆ ಆ ಆವರ್ತನಕ್ಕೆ ಕಾಯಿಲ್ ಅತಿ ಜೋರಾಗಿ ಸ್ಪಂದಿಸುತ್ತದೆ, 20ಕ್ಕೆ ಅಷ್ಟು ಸಾಕು. ಎಡಕ್ಕೊಂದು ಬಲಕ್ಕೊಂದು ಕಾಯಿಲ್ ಇಡಿ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ. ಕಾರು ತಂತಿಯಿಂದ ಯಾವ ಕಡೆಗೆ, ಎಷ್ಟು ಸರಿದಿದೆ ಎಂದು ಅದೇ ಹೇಳುತ್ತದೆ. ಭಾಗಾಕಾರವನ್ನು ಬಿಡಬೇಡಿ, ಬಿಟ್ಟರೆ ಸ್ಪರ್ಧೆಯ ತಂತಿಯಲ್ಲಿ ವಿದ್ಯುತ್ ಸ್ವಲ್ಪ ಹೆಚ್ಚು ಕಡಿಮೆಯಾದರೂ ಸ್ಟೀರಿಂಗ್ ಲೆಕ್ಕ ತಪ್ಪುತ್ತದೆ.

ಗೇಟ್ ಪರೀಕ್ಷಾರ್ಥಿ

ಈ ಸಮಯದಲ್ಲಿ ನೆಟ್ವರ್ಕ್ಸ್ ಮತ್ತು ಸಿಗ್ನಲ್ಸ್ ಓದಿದ್ದರೆ ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕ್ ಬರುತ್ತದೆ. ಆಟಿಕೆ ಕಾರಿನಿಂದ ಕೆಲಸ ಸಿಗುವುದಿಲ್ಲ. ಕೆಟ್ಟದಾಗಿ ತೆಗೆದುಕೊಳ್ಳಬೇಡಿ.

ಮೂಡಿಗೆರೆ ಮಳೆ

ಅನುರಣನ ಎಂದರೇನೆಂದು ನಾನು ಓದಿದ್ದು ನೆಟ್ವರ್ಕ್ಸ್ ಪುಸ್ತಕದಲ್ಲಿ, ಅರ್ಥವಾಗಿದ್ದು ಕಾಯಿಲ್ ಕೈಯಲ್ಲಿ ಹಿಡಿದು ತಂತಿಯ ಮೇಲೆ ಆಡಿಸಿದಾಗ. ಕೆಟ್ಟದಾಗಿ ತೆಗೆದುಕೊಳ್ಳಬೇಡಿ.

ಬೇಲೂರು ಬಸ್

ಇಬ್ಬರೂ ಕೆಟ್ಟದಾಗಿಯೇ ತೆಗೆದುಕೊಂಡಿದ್ದಾರೆ.

ನಿವೃತ್ತ ಮೇಷ್ಟ್ರು

"ಆಟಿಕೆ ಕಾರು" ಎಂಬ ಮಾತಿಗೆ ಒಂದೆರಡು ಸಾಲು. ಈ ಬಗೆಯ ಸ್ಪರ್ಧೆ ಶುರುವಾದದ್ದು ದಕ್ಷಿಣ ಕೊರಿಯಾದ ಹನ್ಯಾಂಗ್ ವಿಶ್ವವಿದ್ಯಾಲಯದಲ್ಲಿ, 2003ರಲ್ಲಿ. 2006ರಲ್ಲಿ ಚೀನಾದ ಮೊದಲ ರಾಷ್ಟ್ರೀಯ ಸ್ಪರ್ಧೆ ಬೀಜಿಂಗಿನ ಸಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ನಡೆಯಿತು, ನೂರಕ್ಕೂ ಹೆಚ್ಚು ತಂಡಗಳು ಬಂದಿದ್ದವು. ಚಿಪ್ ತಯಾರಿಸುವ ಫ್ರೀಸ್ಕೇಲ್ ಕಂಪನಿ ಬೆಂಬಲಕ್ಕೆ ನಿಂತಿತ್ತು. 2015ರಲ್ಲಿ ಆ ಕಂಪನಿಯನ್ನು ಎನ್‌ಎಕ್ಸ್‌ಪಿ ಕೊಂಡುಕೊಂಡಿತು, ಫ್ರೀಸ್ಕೇಲ್ ಕಪ್ ಎಂದಿದ್ದ ಸ್ಪರ್ಧೆಯ ಹೆಸರೂ ಬದಲಾಯಿತು. ಕಂಪನಿಗಳು ಧರ್ಮಕ್ಕೆ ಮಾಡುತ್ತವೆ ಎಂದಲ್ಲ. ತಮ್ಮ ಚಿಪ್ಪನ್ನು ವಿದ್ಯಾರ್ಥಿ ಇರುವಾಗಲೇ ಕೈಗೆ ಕೊಟ್ಟರೆ ನಾಳೆ ಕೆಲಸದಲ್ಲಿ ಅದನ್ನೇ ಕೇಳುತ್ತಾನೆ ಎಂಬ ಲೆಕ್ಕಾಚಾರ. ಆದರೆ ಕಲಿತದ್ದು ವಿದ್ಯಾರ್ಥಿಯದ್ದೇ.

ಗೆಲ್ಲುವ ಆತುರದವರಿಗೆ ಇನ್ನೊಂದು ಮಾತು. 2004ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ, ಚಾಲಕರಿಲ್ಲದ ವಾಹನಗಳನ್ನು ಮೊಹಾವಿ ಮರುಭೂಮಿಯಲ್ಲಿ ಓಡಿಸಿತು. ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿ. ಎಲ್ಲರಿಗಿಂತ ಮುಂದೆ ಹೋದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಾಹನವೂ ಹನ್ನೆರಡು ಕಿಲೋಮೀಟರ್ ಮುಟ್ಟುವುದರೊಳಗೆ ಸಿಕ್ಕಿಕೊಂಡಿತು. ಯಾರಿಗೂ ಬಹುಮಾನ ಇಲ್ಲ. ಮರುವರ್ಷ ಐದು ವಾಹನಗಳು ಪೂರ್ತಿ 212 ಕಿಲೋಮೀಟರ್ ಓಡಿದವು, ಸ್ಟ್ಯಾನ್‌ಫರ್ಡ್‌ನ 'ಸ್ಟ್ಯಾನ್ಲಿ' ಗೆದ್ದು 20 ಲಕ್ಷ ಡಾಲರ್ ಪಡೆಯಿತು. ಮೊದಲ ವರ್ಷ ಸಿಕ್ಕಿಕೊಂಡವರು ಮನೆಗೆ ಹೋಗಿ ಕುಳಿತಿದ್ದರೆ ಎರಡನೇ ವರ್ಷ ಇರುತ್ತಿರಲಿಲ್ಲ.

ಕಾಫಿ ತೋಟದವ

ಮೇಷ್ಟ್ರೇ, ಮರುಭೂಮಿಯಲ್ಲಿ ಓಡಿಸುವುದು ದೊಡ್ಡದಲ್ಲ. ಜುಲೈ ತಿಂಗಳಲ್ಲಿ ಚಾರ್ಮಾಡಿ ಘಾಟಿಯಲ್ಲಿ ಓಡಿಸಿ ತೋರಿಸಲಿ. ಮಂಜಿನಲ್ಲಿ ನನಗೇ ಬಾನೆಟ್ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಏನು ಕಾಣುತ್ತದೆ?

ಸುಟ್ಟ ರೆಗ್ಯುಲೇಟರ್

ಮಂಜಿನಲ್ಲಿ ಕ್ಯಾಮೆರಾಕ್ಕೂ ಕಷ್ಟ, ಲೇಸರ್ ಬಳಸುವ ಲಿಡಾರ್‌ಗೂ ಕಷ್ಟ; ನೀರಿನ ಹನಿ ಬೆಳಕನ್ನು ಚೆದುರಿಸುತ್ತದೆ. ರೇಡಾರ್ ಮಾತ್ರ ಹೆಚ್ಚುಕಡಿಮೆ ತೂರಿಕೊಂಡು ನೋಡುತ್ತದೆ, ಏಕೆಂದರೆ ಅದರ ತರಂಗದ ಉದ್ದ ಮಂಜಿನ ಹನಿಗಿಂತ ಬಹಳ ದೊಡ್ಡದು. ಆದರೆ ಮುಂದಿರುವುದು ಲಾರಿ ಎಂದು ಹೇಳುತ್ತದೆಯೇ ಹೊರತು ರಸ್ತೆಯ ಅಂಚು ಎಲ್ಲಿದೆ ಎಂದು ಹೇಳುವುದಿಲ್ಲ. ಚಾರ್ಮಾಡಿಯಲ್ಲಿ ಬೇಕಾದದ್ದು ಆ ಅಂಚೇ.

ಕಾಫಿ ತೋಟದವ

ಅಂಚು ಇದ್ದರೆ ತಾನೇ? 2019ರ ಆಗಸ್ಟ್ ಮಳೆಗೆ ರಸ್ತೆಯೇ ಜಾರಿ ಹೋಗಿತ್ತು.

ಬೇಲೂರು ಬಸ್

ಸಕಲೇಶಪುರ, ಆಲೂರು ಕಡೆ ಆನೆ ಅಡ್ಡ ನಿಂತರೆ ಸ್ಮಾರ್ಟ್ ಕಾರು ಏನು ಮಾಡಬೇಕು? ಹಾರ್ನ್ ಮಾಡಿದರೆ ಸ್ಮಾರ್ಟ್ ಅಲ್ಲ.

ವೇದಿಕೆ ನಿರ್ವಾಹಕ

ಆನೆಯ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಕೇಳಿದ ಹುಡುಗರಿಗೆ ಒಂದು ವಾರವಷ್ಟೇ ಇದೆ.

ಫ್ಲೆಕ್ಸ್ ಅಂಗಡಿ

ನನ್ನ ಮಗ ಈ ಚರ್ಚೆ ತೋರಿಸಿದ. ನಾನು ಎಂಜಿನಿಯರ್ ಅಲ್ಲ, ಹಾಸನದಲ್ಲಿ ಫ್ಲೆಕ್ಸ್ ಮುದ್ರಣದ ಅಂಗಡಿ ಇದೆ. ಟ್ರ್ಯಾಕ್ ಇಲ್ಲ, ಟ್ರ್ಯಾಕ್ ಇಲ್ಲ ಎಂದು ಏಕೆ ಕೊರಗುತ್ತೀರಿ? ಹುಟ್ಟುಹಬ್ಬ ಮುಗಿದ ಮೇಲೆ ಕಂಬದಿಂದ ಇಳಿಸಿದ ಫ್ಲೆಕ್ಸ್‌ಗಳು ಗೋಡೌನಿನಲ್ಲಿ ಬೇಕಾದಷ್ಟು ಬಿದ್ದಿವೆ. ಹಿಂಬದಿ ಬಿಳಿ. ಬಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ.

ಬೇಲೂರು ಬಸ್

ಮುಖಂಡರ ಬೆನ್ನ ಮೇಲೆ ಕಾರು ಓಡಿಸುವ ಸುವರ್ಣಾವಕಾಶ.

ಮೂಡಿಗೆರೆ ಮಳೆ

ಅಂಗಡಿಯವರಿಗೆ ದೊಡ್ಡ ನಮಸ್ಕಾರ. ತಮ್ಮ, ಇದನ್ನು ಬಿಡಬೇಡ. ಎರಡು ಮೂರು ಎಚ್ಚರಿಕೆ ಹೇಳುತ್ತೇನೆ.

ಮುಂಬದಿ ಹೊಳಪು, ಅದನ್ನು ಮೇಲೆ ಹಾಕಬೇಡಿ. ದೀಪ ಪ್ರತಿಫಲಿಸಿ ಬಿಳಿ ಚುಕ್ಕೆ ಬೀಳುತ್ತದೆ, ಟೈರೂ ಜಾರುತ್ತದೆ. ಹಿಂಬದಿಯಲ್ಲಿ ಕೆಲವು ಫ್ಲೆಕ್ಸ್ ಪೂರ್ತಿ ಬಿಳಿ, ಕೆಲವು ಬೂದು, ಕೆಲವದರಲ್ಲಿ ಮುಂದಿನ ಚಿತ್ರ ಮಸುಕಾಗಿ ಕಾಣುತ್ತದೆ. ಬಿಸಿಲಿಗೆ ಹಿಡಿದು ನೋಡಿ ಆರಿಸಿ. ಮಡಿಸಿ ತರಬೇಡಿ, ಕೊಳವೆಗೆ ಸುತ್ತಿ ತನ್ನಿ. ಒಮ್ಮೆ ಮಡಿಕೆ ಬಿದ್ದರೆ ಅಲ್ಲಿ ಚಕ್ರ ಎಗರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ನೆಲ ಥಂಡಿ ಹಿಡಿದು ಹಾಸಿನ ಅಂಚು ಮೇಲೇಳುತ್ತಿತ್ತು, ಮರಳಿನ ಚೀಲ ಇಟ್ಟು ಕೂರಿಸುತ್ತಿದ್ದೆವು.

ಕಪ್ಪು ಗೆರೆಗೆ ಅಂಗಡಿಯ ವಿದ್ಯುತ್ ಟೇಪ್ ಸುಮಾರು 18 ಮಿಲಿಮೀಟರ್ ಅಗಲ ಬರುತ್ತದೆ. ನಿಯಮದಲ್ಲಿ 25 ಇದ್ದರೆ ಎರಡು ಸಾಲನ್ನು ಒಂದರ ಮೇಲೊಂದು ಸ್ವಲ್ಪ ಏರಿಸಿ ಅಂಟಿಸಬೇಕು. ತಿರುವಿನಲ್ಲಿ ಟೇಪನ್ನು ಎಳೆದು ಅಂಟಿಸಬೇಡಿ, ಮರುದಿನ ಬೆಳಿಗ್ಗೆ ಕುಗ್ಗಿ ಗೆರೆ ಒಳಗೆ ಸರಿದಿರುತ್ತದೆ. ನೀವು ಕಾಯಿಲ್ ಆರಿಸಿದರೆ ಟೇಪಿನ ಗೊಡವೆಯೇ ಇಲ್ಲ, ಎನಾಮಲ್ ತಂತಿಯನ್ನು ಹಾಸಿನ ಅಡಿಗೆ ಅಂಟಿಸಿದರಾಯಿತು.

ಕಾರಿಡಾರ್ ಕಾರು

ಅಕ್ಕ, 20 ಕಿಲೋಹರ್ಟ್ಸ್ ಮೂಲ ಎಲ್ಲಿಂದ ತರುವುದು? ಕಾಲೇಜಿನ ಫಂಕ್ಷನ್ ಜನರೇಟರ್ ಲ್ಯಾಬ್‌ನಿಂದ ಆಚೆ ಬರುವುದಿಲ್ಲ.

ಮೂಡಿಗೆರೆ ಮಳೆ

555 ಟೈಮರ್ ಚಿಪ್, ಒಂದು ಟ್ರಾನ್ಸಿಸ್ಟರ್, ವಿದ್ಯುತ್ ಮಿತಿಗೆ ಒಂದು ರೆಸಿಸ್ಟರ್. ಚೌಕ ತರಂಗ ಬಂದರೂ ಚಿಂತೆಯಿಲ್ಲ, ನಿನ್ನ ಕಾಯಿಲ್ ತನಗೆ ಬೇಕಾದ ಆವರ್ತನವನ್ನಷ್ಟೇ ಆರಿಸಿಕೊಳ್ಳುತ್ತದೆ. ರೆಸಿಸ್ಟರ್ ಮಾತ್ರ ದಪ್ಪದ್ದು ಹಾಕು. 12 ವೋಲ್ಟ್‌ನಲ್ಲಿ 100 ಮಿಲಿಆಂಪಿಯರ್ ಎಂದರೆ ಒಂದು ವಾಟ್‌ಗಿಂತ ಹೆಚ್ಚು, ಕಾಲು ವಾಟಿನದು ಹೊಗೆಯಾಡುತ್ತದೆ.

ಸುಟ್ಟ ರೆಗ್ಯುಲೇಟರ್

ಕಾಯಿಲ್ ಪಕ್ಷದವರು ಮುಚ್ಚಿಟ್ಟ ವಿಷಯವನ್ನು ನಾನು ಹೇಳುತ್ತೇನೆ. ಕ್ಯಾಮೆರಾ ಮುಂದೆ ನೋಡುತ್ತದೆ; ಕಾಯಿಲ್ ತನ್ನ ಕಾಲಡಿಯನ್ನಷ್ಟೇ ನೋಡುತ್ತದೆ. ತಿರುವು ಬಂದ ಮೇಲೆ ತಿರುವು ಬಂತೆಂದು ಗೊತ್ತಾಗುತ್ತದೆ. ಆದ್ದರಿಂದ ಕಾಯಿಲ್‌ಗಳನ್ನು ಕಾರಿನ ಮುಂದಕ್ಕೆ ಉದ್ದನೆಯ ಕಡ್ಡಿ ಚಾಚಿ ತೂಗುಹಾಕಬೇಕಾಗುತ್ತದೆ, ಆ ಕಡ್ಡಿ ಅಲುಗಾಡಿದರೆ ಅಳತೆಯೂ ಅಲುಗಾಡುತ್ತದೆ. ಅಡ್ಡದಾರಿ ದಾಟುವಲ್ಲಿ, ವೃತ್ತದ ಬಳಿ ಎರಡು ತಂತಿಗಳ ಕ್ಷೇತ್ರ ಸೇರಿ ಗೊಂದಲ. ಬೆಳಕಿನ ಹಂಗಿಲ್ಲ ನಿಜ, ಹಾಗೆಂದು ಏನೂ ಹಂಗಿಲ್ಲ ಎಂದಲ್ಲ.

ಮೂಡಿಗೆರೆ ಮಳೆ

ಮುಚ್ಚಿಟ್ಟಿಲ್ಲ, ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಇನ್ನೂ ಒಂದನ್ನು ಸೇರಿಸಿಕೊಳ್ಳಿ: ಮೋಟರಿನ ಪಿಡಬ್ಲ್ಯುಎಂ ಆವರ್ತನ, ಅಂದರೆ ವೇಗದ ಹತೋಟಿಗಾಗಿ ಮೋಟರಿನ ವಿದ್ಯುತ್ತನ್ನು ಸೆಕೆಂಡಿಗೆ ಎಷ್ಟು ಬಾರಿ ಆನ್ ಆಫ್ ಮಾಡುತ್ತೇವೆ ಎಂಬುದು. ಅದನ್ನು 20 ಕಿಲೋಹರ್ಟ್ಸ್ ಇಟ್ಟರೆ ಕಾರು ತನ್ನ ಮೋಟರನ್ನೇ ತಂತಿ ಎಂದುಕೊಂಡು ಹಿಂಬಾಲಿಸಲು ಹೊರಡುತ್ತದೆ. 10 ಇಟ್ಟರೂ ಅದರ ಎರಡನೇ ಹಾರ್ಮೋನಿಕ್ (ಎರಡರಷ್ಟು ಆವರ್ತನದ ಭಾಗ) 20ಕ್ಕೇ ಬಂದು ಕೂರುತ್ತದೆ. ನಾವು 13ರ ಆಸುಪಾಸು ಇಟ್ಟ ಮೇಲೆ ಶಾಂತವಾಯಿತು.

ಕೋಡ್ ಹೆಗ್ಗಡೆ

ಎಲ್ಲರೂ ಸೆನ್ಸರ್ ಹಿಡಿದು ಜಗಳವಾಡುತ್ತಿದ್ದೀರಿ. ಗೆಲ್ಲುವುದು ವೇಗ. ಕಾರಿನ ತೂಕ ಕಡಿಮೆ ಮಾಡಿ, ತಿರುವಿನಲ್ಲಿ ತಾನಾಗಿ ಹೆಚ್ಚು ವೇಗ ಸಿಗುತ್ತದೆ. ಬಾಡಿಯಲ್ಲಿ ತೂತು ಕೊರೆಯಿರಿ.

ಮೆಕ್ಯಾನಿಕಲ್ ಬ್ಲಾಕ್

ತೂಕ ಇಳಿಸಿದರೆ ವೇಗ ಬೇಗ ಏರುತ್ತದೆ, ಬೇಗ ನಿಲ್ಲುತ್ತದೆ. ತಿರುವಿನ ಗರಿಷ್ಠ ವೇಗಕ್ಕೂ ತೂಕಕ್ಕೂ ಸಂಬಂಧವಿಲ್ಲ. ತಿರುವಿನಲ್ಲಿ ಹೊರಗೆಳೆಯುವ ಬಲ ದ್ರವ್ಯರಾಶಿಗೆ ಅನುಪಾತ, ಹಿಡಿದಿಡುವ ಘರ್ಷಣೆಯೂ ದ್ರವ್ಯರಾಶಿಗೆ ಅನುಪಾತ. ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ಉಳಿಯುವುದು ತ್ರಿಜ್ಯ ಮತ್ತು ಘರ್ಷಣೆಯ ಗುಣಾಂಕ ಮಾತ್ರ.

ಲೆಕ್ಕ ಹಾಕಿ ನೋಡಿ. ಅರ್ಧ ಮೀಟರ್ ತ್ರಿಜ್ಯದ ತಿರುವು, ಘರ್ಷಣೆಯ ಗುಣಾಂಕ ಧಾರಾಳವಾಗಿ 1 ಎಂದಿಟ್ಟುಕೊಳ್ಳಿ. 9.8 ಅನ್ನು 0.5ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ 2.2 ಮೀಟರ್. ಅದಕ್ಕಿಂತ ವೇಗವಾಗಿ ಹೋದರೆ ಎಂಥ ಚಿಪ್ ಹಾಕಿದರೂ, ಎಂಥ ಕೋಡ್ ಬರೆದರೂ ಕಾರು ಜಾರಿಯೇ ಜಾರುತ್ತದೆ. ಹೆಚ್ಚು ಬೇಕೆಂದರೆ ಎರಡೇ ದಾರಿ. ಹಾಸಿನ ಅಗಲವನ್ನು ಬಳಸಿಕೊಂಡು ಹೊರಗಿನಿಂದ ಒಳಕ್ಕೆ ಕತ್ತರಿಸಿ ತ್ರಿಜ್ಯ ಹೆಚ್ಚಿಸಿಕೊಳ್ಳುವುದು ಒಂದು. ಟೈರನ್ನು ಸ್ವಚ್ಛವಾಗಿಡುವುದು ಇನ್ನೊಂದು. ನಿಮ್ಮ ಕಾರಿಡಾರಿನ ಧೂಳು ಟೈರಿಗೆ ಪುಡಿ ಬಳಿದ ಹಾಗೆ ಕೂತಿರುತ್ತದೆ, ಪ್ರತಿ ಓಟಕ್ಕೂ ಮೊದಲು ಅಗಲ ಟೇಪಿನ ಅಂಟು ಬದಿಯ ಮೇಲೆ ಉರುಳಿಸಿ ತೆಗೆಯಿರಿ. ಟೈರಿಗೆ ದ್ರಾವಣ ಹಚ್ಚುವ ಐಡಿಯಾ ಯಾರಾದರೂ ಕೊಟ್ಟರೆ ಮೊದಲು ನಿಯಮಾವಳಿ ಓದಿ.

ಮತ್ತೆ, ಕ್ಯಾಮೆರಾದವರು ಕಾರಿನ ಮೇಲೆ ಧ್ವಜಸ್ತಂಭದಂಥ ಕಂಬ ನೆಟ್ಟಿರುತ್ತಾರಲ್ಲ, ಅದರಿಂದ ಗುರುತ್ವ ಕೇಂದ್ರ ಮೇಲೇರುತ್ತದೆ. ಜಾರುವ ಬದಲು ಮಗುಚುತ್ತದೆ. ಬ್ಯಾಟರಿಯನ್ನು ಎಷ್ಟು ಕೆಳಗೆ ಕೂರಿಸಲು ಸಾಧ್ಯವೋ ಅಷ್ಟು ಕೆಳಗೆ ಕೂರಿಸಿ.

ಕೋಡ್ ಹೆಗ್ಗಡೆ

ಪುಸ್ತಕದ ಲೆಕ್ಕ. ಓಡುವ ಟ್ರ್ಯಾಕಿನಲ್ಲಿ ನೇರ ದಾರಿಯೂ ಇರುತ್ತದೆ. ಅಲ್ಲಿ ಮೂರೂವರೆ, ನಾಲ್ಕಕ್ಕೆ ಏರಿಸಿಕೊಂಡವನು ಮುಂದೆ.

ಮೆಕ್ಯಾನಿಕಲ್ ಬ್ಲಾಕ್

ಏರಿಸಿಕೊಳ್ಳಲಿ. ನಾಲ್ಕರಿಂದ ಎರಡಕ್ಕೆ ಇಳಿಯಲು, ಅದೇ ಗುಣಾಂಕ 1ರಲ್ಲಿ, 60 ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ದೂರ ಬೇಕು. ಅಷ್ಟು ಮುಂಚೆ ತಿರುವು ಕಂಡಿರಬೇಕು, ಮೋಟರನ್ನು ಹಿಮ್ಮುಖ ಓಡಿಸಿ ಬ್ರೇಕ್ ಹಾಕುವ ಡ್ರೈವರ್ ಸರ್ಕ್ಯೂಟ್ ಇರಬೇಕು. ಬರೀ ವಿದ್ಯುತ್ ನಿಲ್ಲಿಸಿದರೆ ಕಾರು ತನ್ನ ಪಾಡಿಗೆ ತೇಲಿಕೊಂಡು ಹೋಗುತ್ತದೆ.

ಸುಟ್ಟ ರೆಗ್ಯುಲೇಟರ್

ಇಲ್ಲಿಗೆ ಸರ್ವೋ, ಅಂದರೆ ಮುಂಚಕ್ರ ತಿರುಗಿಸುವ ಪುಟ್ಟ ಮೋಟರಿನ ವಿಷಯವನ್ನೂ ಸೇರಿಸುತ್ತೇನೆ. ಸಾಮಾನ್ಯ ಸರ್ವೋಗೆ 20 ಮಿಲಿಸೆಕೆಂಡಿಗೊಮ್ಮೆ ಮಾತ್ರ ಹೊಸ ಆಜ್ಞೆ ಹೋಗುತ್ತದೆ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಅಷ್ಟರೊಳಗೆ ಕಾರು 6 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಆಮೇಲೆ ಚಕ್ರ ತಿರುಗಲು ಬೇರೆ ಸಮಯ. ಪಿಐಡಿ ಸಂಖ್ಯೆಗಳನ್ನು (ಗೆರೆಯಿಂದ ಸರಿದದ್ದಕ್ಕೆ ಎಷ್ಟು ತಿರುಗಬೇಕೆಂದು ಕೋಡ್‌ಗೆ ಹೇಳುವ ಸಂಖ್ಯೆಗಳು) ಎಷ್ಟು ತಿದ್ದಿದರೂ ಕಾರು ಹಾವಿನ ನಡೆ ಬಿಡುತ್ತಿಲ್ಲ ಎಂದರೆ ತಪ್ಪು ಸಂಖ್ಯೆಯದಲ್ಲ, ಈ ವಿಳಂಬದ್ದು. ಡಿಜಿಟಲ್ ಸರ್ವೋ ಇದ್ದರೆ ಆಜ್ಞೆಯ ಆವರ್ತನ ಹೆಚ್ಚಿಸಿ, ಆದರೆ ನಿಯಮ ಅನುಮತಿಸಿದರೆ ಮಾತ್ರ.

ನಿವೃತ್ತ ಮೇಷ್ಟ್ರು

ವಿಳಂಬದ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಆಜ್ಞೆ ಹೋಗಿ ಉತ್ತರ ಬರಲು ಬೆಳಕಿನ ವೇಗದಲ್ಲೂ ಕಾಲು ಸೆಕೆಂಡ್ ಬೇಕು. ನನ್ನ ತರಗತಿಯಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಇರಲಿಲ್ಲ, ಬಸ್ಸಿನಲ್ಲಿ ಹೋಗಿ ಗೇಟು ನೋಡಿ ಬರಬಹುದಿತ್ತು.

ಬೇಲೂರು ಬಸ್

ಮೇಷ್ಟ್ರೇ, ಉಪಗ್ರಹಕ್ಕೆ ಕಾಲು ಸೆಕೆಂಡ್. ವರ್ಕ್‌ಶಾಪ್ ಪತ್ರಕ್ಕೆ ಉತ್ತರ ಬರಲು ಎರಡು ಸೆಮಿಸ್ಟರ್. ಇದನ್ನೂ ಪಾಠದಲ್ಲಿ ಸೇರಿಸಿ.

ಗೇಟ್ ಪರೀಕ್ಷಾರ್ಥಿ

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ. ಕಂಪನಿಗಳು ಸಂದರ್ಶನದಲ್ಲಿ ಇದನ್ನು ಕೇಳುತ್ತವೆಯೇ?

ಸುಟ್ಟ ರೆಗ್ಯುಲೇಟರ್

ನಾನು ಹೊಸಬರನ್ನು ಸಂದರ್ಶಿಸುವಾಗ ಕೇಳುತ್ತೇನೆ. "ಬಹುಮಾನ ಬಂತೇ" ಎಂದಲ್ಲ, "ಕಾರು ಏಕೆ ನಿಂತಿತು" ಎಂದು. ನನ್ನ ಕಾರು ನಡು ಓಟದಲ್ಲಿ ಸುಮ್ಮನೆ ನಿಂತು ಮತ್ತೆ ಶುರುವಾಗುತ್ತಿತ್ತು. ವಾರಗಟ್ಟಲೆ ಕೋಡ್ ತಡಕಿದ ಮೇಲೆ ಗೊತ್ತಾಯಿತು: ಸರ್ವೋ ಜೋರಾಗಿ ತಿರುಗಿದ ಕ್ಷಣ ಬ್ಯಾಟರಿಯಿಂದ ವಿದ್ಯುತ್ ಸೆಳೆದು, ಅದೇ ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವ ಭಾಗ) ಮೇಲಿದ್ದ ಚಿಪ್ಪಿನ ವೋಲ್ಟೇಜ್ ಕುಸಿದು, ಚಿಪ್ ರೀಸೆಟ್ ಆಗುತ್ತಿತ್ತು. ಸರ್ವೋಗೆ ಬೇರೆ ರೆಗ್ಯುಲೇಟರ್, ಪಕ್ಕದಲ್ಲಿ ದೊಡ್ಡ ಕೆಪಾಸಿಟರ್, ಮೋಟರಿನ ಗ್ರೌಂಡ್ ತಂತಿ ನೇರವಾಗಿ ಬ್ಯಾಟರಿಗೆ. ಕಾಯಿಲೆ ಹೋಯಿತು. ಇದನ್ನು ಆಸಿಲೋಸ್ಕೋಪಿನಲ್ಲಿ ಕಣ್ಣಾರೆ ಕಂಡವನು ಹತ್ತು ನಿಮಿಷ ಮಾತನಾಡಬಲ್ಲ. ಕಿಟ್ ಕೊಂಡು ತಂದು ಓಡಿಸಿದವನು ಎರಡು ವಾಕ್ಯಕ್ಕೆ ಮುಗಿಸುತ್ತಾನೆ.

ಕೋಡ್ ಹೆಗ್ಗಡೆ

ಕಿಟ್ ತಂದರೆ ತಪ್ಪೇನು? ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಿಡಿಭಾಗ ಹುಡುಕುತ್ತ ಅಲೆಯುವುದಕ್ಕೆ ಎಂಜಿನಿಯರಿಂಗ್ ಎಂದು ಹೆಸರಿಡಬೇಡಿ. ಬೆಂಗಳೂರಿನವರಿಗೆ ಮಧ್ಯಾಹ್ನದ ಕೆಲಸ, ಹಾಸನದವರಿಗೆ ಒಂದು ದಿನ ಪೂರ್ತಿ ಹೋಗುತ್ತದೆ.

ಮೂಡಿಗೆರೆ ಮಳೆ

ಇದು ಒಪ್ಪುವ ಮಾತು. ಚಾಸಿ, ಮೋಟರ್, ಸರ್ವೋ ಸಿದ್ಧ ತನ್ನಿ. ಸ್ಪರ್ಧೆಯವರೇ ಒಂದೇ ಮಾದರಿ ಕಾರು ಕೊಡುವುದೂ ಉಂಟು. ಸೆನ್ಸರ್ ಬೋರ್ಡ್ ಮತ್ತು ಕೋಡ್ ನಿಮ್ಮದಾಗಿರಲಿ. ಬಿಡಿಭಾಗ ತರುವಾಗ ಎಲ್ಲವೂ ಎರಡೆರಡು. ಒಂದೇ ಒಂದು ಮಾಸ್‌ಫೆಟ್ ಟ್ರಾನ್ಸಿಸ್ಟರ್ ಸುಟ್ಟದ್ದಕ್ಕೆ ಮತ್ತೆ ಬೆಂಗಳೂರು ಬಸ್ ಹತ್ತಿದ ಸಂಕಟ ನನಗೆ ಗೊತ್ತು. ಹಣದ ವಿಷಯಕ್ಕೆ: ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮ ಇದೆ, ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತದೆ. ನೀವು ಮೂರನೇ ವರ್ಷದವರು, ಈ ಸಲಕ್ಕೆ ಆಗದು. ಮುಂದಿನ ವರ್ಷ ಇದೇ ಕಾರನ್ನು ಪ್ರಾಜೆಕ್ಟ್ ಮಾಡಿ ಅರ್ಜಿ ಹಾಕಿ.

ಕಾಫಿ ತೋಟದವ

ಹಣ ಎಷ್ಟು ಬೇಕು ಎಂದು ಯಾರೂ ಕೇಳಲೇ ಇಲ್ಲವಲ್ಲ. ತಮ್ಮ, ಪಟ್ಟಿ ಹಾಕಿ ಖಾಸಗಿಯಾಗಿ ಕಳುಹಿಸು. ಬದಲಿಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನನ್ನ ಪಲ್ಪರ್ ಮೋಟರಿನ ಸ್ಟಾರ್ಟರ್ ನೋಡಿಕೊಡಬೇಕು, ಪ್ರತಿ ಕೊಯ್ಲಿಗೂ ಕೈಕೊಡುತ್ತದೆ.

ನಿವೃತ್ತ ಮೇಷ್ಟ್ರು

ಪಲ್ಪರ್ ಮೂರು ಫೇಸಿನದಾದರೆ ಹುಡುಗರು ಮುಟ್ಟಬಾರದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಜೊತೆಗಿರಲಿ.

ಕಾರಿಡಾರ್ ಕಾರು

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ರೆಗ್ಯುಲೇಟರ್ ಅಣ್ಣ ಹೇಳಿದಂತೆ ಸ್ಥಿರ ಸಂಖ್ಯೆ ತೆಗೆದು ಅಂಚು ಹುಡುಕುವ ಕೋಡ್ ಹಾಕಿದೆವು. ಬಿಸಿಲಿನ ಪಟ್ಟಿಯನ್ನು ದಾಟಿತು! ಆದರೆ ಬಿಸಿಲು ಮುಗಿದು ನೆರಳು ಶುರುವಾಗುವ ಅಂಚನ್ನೇ ಗೆರೆ ಎಂದುಕೊಂಡು ಅದರ ಹಿಂದೆ ಹೋಯಿತು.

ಸುಟ್ಟ ರೆಗ್ಯುಲೇಟರ್

ನೆರಳಿಗೆ ಒಂದೇ ಅಂಚು, ಗೆರೆಗೆ ಎರಡು. ಇಳಿತದ ನಂತರ 25 ಮಿಲಿಮೀಟರ್ ಅಗಲದೊಳಗೆ ಏರಿಕೆ ಸಿಗದಿದ್ದರೆ ಗೆರೆ ಅಲ್ಲವೆಂದು ಬಿಟ್ಟುಬಿಡಿ. ಹಿಂದಿನ ಚೌಕಟ್ಟಿನಲ್ಲಿ ಗೆರೆ ಇದ್ದ ಜಾಗದ ಅಕ್ಕಪಕ್ಕ ಮಾತ್ರ ಹುಡುಕಿ.

ಕಾರಿಡಾರ್ ಕಾರು

ಸರಿ ಅಣ್ಣ, ಅದನ್ನೂ ಮಾಡಿ ನೋಡುತ್ತೇವೆ. ಆದರೆ ನಾವು ಮೂವರೂ ಕುಳಿತು ಮಾತನಾಡಿ ಕಾಯಿಲ್ ವಿಭಾಗಕ್ಕೆ ಹೆಸರು ಕಳುಹಿಸಿದ್ದೇವೆ. ಕಿಟಕಿಗೆ ಪರದೆ ಹಾಕಿಸುವ ಶಕ್ತಿ ನಮಗಿಲ್ಲ. ಫ್ಲೆಕ್ಸ್ ಅಂಗಡಿಯವರೇ, ಭಾನುವಾರ ಬರಬಹುದೇ? ಸುತ್ತಿ ತರಲು ಕೊಳವೆ ನಾವೇ ತರುತ್ತೇವೆ.

ಫ್ಲೆಕ್ಸ್ ಅಂಗಡಿ

ಭಾನುವಾರ ಹತ್ತು ಗಂಟೆಯ ಮೇಲೆ ಬನ್ನಿ. ಆಟೋ ಹೇಳಿಕೊಂಡು ಬನ್ನಿ, ಬೈಕಿನ ಮೇಲೆ ಆಗುವುದಿಲ್ಲ.

ಸುಟ್ಟ ರೆಗ್ಯುಲೇಟರ್

ಕಾಯಿಲ್‌ಗೆ ಹೋದಿರಾ. ಹೋಗಲಿ, ಕ್ಯಾಮೆರಾ ಬಿಸಾಡಬೇಡಿ, ಮುಂದಿನ ವರ್ಷ ನನ್ನ ಮಾತು ನೆನಪಾಗುತ್ತದೆ.

ಮೂಡಿಗೆರೆ ಮಳೆ

ಮುಂದಿನ ವರ್ಷವೂ ಕಿಟಕಿ ಪಶ್ಚಿಮಕ್ಕೇ ಇರುತ್ತದೆ. ತಮ್ಮ, ಕಬ್ಬಿಣದ ಬೆಂಚುಗಳ ಹತ್ತಿರ ಹಾಸು ಹಾಕಬೇಡ, ಕಾಯಿಲ್ ಅಳತೆ ಬದಲಾಗುತ್ತದೆ. ಜಾಗ ಸಿಕ್ಕಿತೇ?

ಮೆಕ್ಯಾನಿಕಲ್ ಬ್ಲಾಕ್

ಜಾಗದ ಚಿಂತೆ ಬೇಡ. ಅವರ ವರ್ಣನೆ ಓದಿದಾಗಲೇ ಯಾವ ಕಾಲೇಜು ಎಂದು ತಿಳಿಯಿತು, ನಾನೂ ಅಲ್ಲಿಯವನೇ. ಶನಿವಾರ ಮಧ್ಯಾಹ್ನ ವರ್ಕ್‌ಶಾಪಿನ ಹಿಂದಿನ ಶೆಡ್‌ಗೆ ಬನ್ನಿ. ಬೀಗದ ಕೈ ಯಾರ ಬಳಿ ಇರುತ್ತದೆ, ಅವರು ಎಷ್ಟು ಗಂಟೆಗೆ ಟೀ ಕುಡಿಯಲು ಹೋಗುತ್ತಾರೆ ಎಂಬುದೆಲ್ಲ ನನಗೆ ಗೊತ್ತು. ಕೇಳಿದರೆ ಕೊಡುತ್ತಾರೆ, ಪತ್ರ ಕೇಳುವುದು ಮೇಲಿನವರು ಮಾತ್ರ. ನಿಮ್ಮ ಮುಂಚಕ್ರಗಳ ಕೋನವನ್ನೂ ಒಮ್ಮೆ ನೋಡಬೇಕು, ಸಣ್ಣ ಅಲೆನ್ ಕೀ ಇದ್ದರೆ ತನ್ನಿ.

ಕಾರಿಡಾರ್ ಕಾರು

ತರುತ್ತೇವೆ ಅಣ್ಣ. ತಂಡದಲ್ಲಿ ನಾಲ್ಕನೆಯವರಿಗೆ ಅವಕಾಶ ಇದೆಯೇ ಎಂದು ನಿಯಮ ನೋಡುತ್ತಿದ್ದೇನೆ.

ಬೇಲೂರು ಬಸ್

ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಒಂದೇ ಶೆಡ್‌ನಲ್ಲಿ! ಮುಖ್ಯಸ್ಥರಿಗೆ ಗೊತ್ತಾಗುವ ಮುಂಚೆ ಸುತ್ತು ಮುಗಿಸಿಬಿಡಿ.